ಪ್ರಶ್ನೆ ಕೇಳುವವರ ಕಡೆಗೆ ತಿರುಗಿ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ನಮಸ್ಕಾರ. ಅಮೆರಿಕದ ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ರೈಲು ಕಂಪನಿಗಳ ವಿಲೀನದ ಬಗ್ಗೆ 1996ರ ಜುಲೈ 1ರಂದು ವಾಷಿಂಗ್ಟನ್ನಿನಲ್ಲಿ ನಡೆದ ಮೌಖಿಕ ವಾದವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಈ ವಿಷಯದ ಮೇಲೆ ಕನ್ನಡದಲ್ಲಿ ಯಾರಾದರೂ ಬರೆಯಲೇಬೇಕು, ಹ್ಯೂಸ್ಟನ್ನಿನಲ್ಲಿ ನೆಲೆಸಿ ಸರಕು ಸಾಗಣೆಯ ಕೆಲಸವನ್ನೇ ಮಾಡುತ್ತಿರುವ ನಿಮಗಿಂತ ಅದಕ್ಕೆ ಅರ್ಹರು ಸುಲಭವಾಗಿ ಸಿಗಲಾರರು ಎಂಬ ನಂಬಿಕೆಯಿಂದ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಲೇಖನದ ದೊಡ್ಡ ದೋಷವೆಂದರೆ, ಆ ದಿನದ ವಿಚಾರಣೆಯನ್ನು ನೀವು ಸಿನಿಮಾದ ಕೋರ್ಟ್ ದೃಶ್ಯವನ್ನಾಗಿ ಮಾಡಿರುವುದು. ಟೆಕ್ಸಾಸಿನ ಭತ್ತದ ರೈತನೊಬ್ಬ ಕಟಕಟೆ ಹತ್ತುತ್ತಾನೆ, ಕಂಪನಿಯ ವಕೀಲರು ಅವನನ್ನು ಪಾಟೀಸವಾಲಿಗೆ ಗುರಿಮಾಡುತ್ತಾರೆ, ಅವನು ಕಣ್ಣೀರಿಡುತ್ತಾನೆ, ನ್ಯಾಯಾಧೀಶರು ಸುತ್ತಿಗೆ ಬಡಿಯುತ್ತಾರೆ. ರೈಲು ವಿಲೀನಗಳನ್ನು ತೀರ್ಮಾನಿಸುವ ಸರ್ಕಾರಿ ಮಂಡಳಿಯಾದ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್‌ನ ಮುಂದೆ ನಡೆಯುವ ಮೌಖಿಕ ವಾದದಲ್ಲಿ ಇದ್ಯಾವುದೂ ಇರುವುದಿಲ್ಲ. ಸಾಕ್ಷ್ಯವೆಲ್ಲ ಅದಕ್ಕೂ ಮೊದಲೇ ಪ್ರಮಾಣೀಕೃತ ಲಿಖಿತ ಹೇಳಿಕೆಗಳ ರೂಪದಲ್ಲಿ ಕಡತ ಸೇರಿರುತ್ತದೆ. ಸಾಕ್ಷಿಗಳನ್ನು ಪ್ರಶ್ನಿಸುವ ಕೆಲಸವೂ ಆ ಕೊಠಡಿಯ ಹೊರಗೆ, ವಕೀಲರ ಸಮ್ಮುಖದಲ್ಲಿ ಮುಗಿದಿರುತ್ತದೆ. ವಾದದ ದಿನ ಹೊಸ ಸಾಕ್ಷ್ಯ ತರುವಂತಿಲ್ಲ. ಯಾವ ಪಕ್ಷಕ್ಕೆ ಎಷ್ಟು ನಿಮಿಷ ಎಂಬುದು ಮೊದಲೇ ನಿಗದಿಯಾಗಿರುತ್ತದೆ, ಅರ್ಜಿದಾರರು ತಮ್ಮ ಪಾಲಿನ ಸಮಯದಲ್ಲಿ ಒಂದಿಷ್ಟನ್ನು ಕೊನೆಯ ಪ್ರತ್ಯುತ್ತರಕ್ಕೆ ಉಳಿಸಿಕೊಳ್ಳಬಹುದು. ಇಷ್ಟು ಬಿಗಿಯಾದ ಸಮಯದಲ್ಲಿ ನೀವು ಬರೆದಿರುವಂಥ ಒಂದೂವರೆ ಪುಟದ ಭಾಷಣಕ್ಕೆ ಜಾಗವೇ ಇಲ್ಲ, ಏಕೆಂದರೆ ವಕೀಲರ ಎರಡನೆಯ ವಾಕ್ಯ ಮುಗಿಯುವ ಮೊದಲೇ ಸದಸ್ಯರೊಬ್ಬರು ತಡೆದು ಪ್ರಶ್ನೆ ಹಾಕಬಹುದು.

ನಿಮ್ಮ ಲೇಖನದ ಜೀವ ಇರಬೇಕಾದದ್ದು ಆ ಪ್ರಶ್ನೆಯಲ್ಲಿ. ಕಡತವನ್ನು ಓದಿಕೊಂಡು ಬಂದವರು, ಸಾವಿರಾರು ಪುಟಗಳ ಪೈಕಿ ತಮ್ಮನ್ನು ಕಾಡುತ್ತಿರುವ ಒಂದು ಜಾಗವನ್ನು ಬಾಯಿಬಿಟ್ಟು ತೋರಿಸುವ ಘಳಿಗೆ ಅದು, ಅನುಭವಿ ವಕೀಲರು ಕಾಯುವುದೂ ಹೆದರುವುದೂ ಅದಕ್ಕೇ. ನೀವಾದರೋ ಮಾತೆಲ್ಲವನ್ನೂ ವಕೀಲರಿಗೆ ಕೊಟ್ಟು, ಮಂಡಳಿಯ ಮೂವರನ್ನು, ಅಂದರೆ ಅಧ್ಯಕ್ಷೆ ಲಿಂಡಾ ಮಾರ್ಗನ್, ಜೆ. ಜೆ. ಸಿಮನ್ಸ್ ಮತ್ತು ಗಸ್ ಓವೆನ್ ಅವರನ್ನು, ಮೂಕ ಪ್ರೇಕ್ಷಕರನ್ನಾಗಿ ಕೂರಿಸಿದ್ದೀರಿ. ಅವರು ನ್ಯಾಯಾಧೀಶರಲ್ಲ, ಅಮೆರಿಕದ ರಾಷ್ಟ್ರಾಧ್ಯಕ್ಷರು ನೇಮಿಸಿ ಸೆನೆಟ್ ಒಪ್ಪಿದ ಮಂಡಳಿ ಸದಸ್ಯರು. ಆ ಮಂಡಳಿಗೆ ಆಗ ಆರು ತಿಂಗಳ ಪ್ರಾಯ. ಅದಕ್ಕೂ ಮೊದಲು ಈ ಕೆಲಸ ಮಾಡುತ್ತಿದ್ದ, 1887ರಿಂದ ನಡೆದುಬಂದಿದ್ದ ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್ ಎಂಬ ಆಯೋಗ 1995ರ ಕೊನೆಗೆ ರದ್ದಾಗಿತ್ತು. ವಿಲೀನದ ಅರ್ಜಿ ಬಿದ್ದದ್ದು ಆ ಹಳೆಯ ಆಯೋಗದ ಮುಂದೆ, ಅದರ ಕೊನೆಯ ತಿಂಗಳು ಶುರುವಾಗುವ ಮುನ್ನಾದಿನ, ನವೆಂಬರ್ 30ರಂದು. ಇಂಥ ಸಂಗತಿ ಕೈಯಲ್ಲಿರುವಾಗ ಕಲ್ಪಿತ ಕಣ್ಣೀರಿನ ಅಗತ್ಯ ನಿಮಗಿರಲಿಲ್ಲ.

ಮಂಡಳಿಯ ಮುಂದಿದ್ದ ನಿಜವಾದ ತೊಡಕನ್ನು ನೀವು ಎರಡೇ ಸಾಲಿನಲ್ಲಿ ದಾಟಿದ್ದೀರಿ. ಅದನ್ನು ನಿಧಾನವಾಗಿ ಬಿಡಿಸಿ ಹೇಳಿ. ಒಂದು ಕಾರ್ಖಾನೆಯನ್ನು ಎರಡೇ ರೈಲು ಕಂಪನಿಗಳು ತಲುಪುತ್ತವೆ, ಆ ಎರಡೂ ಒಂದಾದರೆ ಕಾರ್ಖಾನೆಗೆ ಚೌಕಾಸಿಯ ದಾರಿ ಮುಚ್ಚಿಹೋಗುತ್ತದೆ. ಇದಕ್ಕೆ ಅರ್ಜಿದಾರರು ಸೂಚಿಸಿದ ಪರಿಹಾರವೆಂದರೆ, ಪ್ರತಿಸ್ಪರ್ಧಿಯಾದ ಬರ್ಲಿಂಗ್ಟನ್ ನಾರ್ದರ್ನ್ ಸಾಂಟಾ ಫೇ ಕಂಪನಿಗೆ ತಮ್ಮ ಸುಮಾರು 4,000 ಮೈಲಿ ಹಳಿಯ ಮೇಲೆ ಬಾಡಿಗೆ ಕೊಟ್ಟು ರೈಲು ಓಡಿಸುವ ಹಕ್ಕನ್ನು ನೀಡುವುದು. ವಿರೋಧಿಗಳು ಕೇಳಿದ್ದು ಇಷ್ಟೇ: ಮನೆ ಮಾಲೀಕನ ಕಟ್ಟುಪಾಡಿನಲ್ಲಿರುವ ಬಾಡಿಗೆದಾರ ಆ ಮಾಲೀಕನ ಜೊತೆಗೇ ಸರಿಸಮನಾಗಿ ವ್ಯಾಪಾರ ಮಾಡಬಲ್ಲನೇ?

ಇದನ್ನು ಓದುಗನಿಗೆ ಹತ್ತಿರದಿಂದ ತೋರಿಸಲು ಗಲ್ಫ್ ಕರಾವಳಿಯ ಪ್ಲಾಸ್ಟಿಕ್ ಉದ್ಯಮವನ್ನು ತೆಗೆದುಕೊಳ್ಳಿ. ಅಲ್ಲಿನ ಕಾರ್ಖಾನೆಗಳು ಪ್ಲಾಸ್ಟಿಕ್ ಹರಳನ್ನು ಕೊಳ್ಳುವವರು ಗೊತ್ತಾಗುವ ಮೊದಲೇ ಹಾಪರ್ ವ್ಯಾಗನ್ನುಗಳಿಗೆ ತುಂಬಿಬಿಡುತ್ತವೆ. ತುಂಬಿದ ವ್ಯಾಗನ್ನುಗಳು ಮಾರಾಟ ಕುದುರುವ ತನಕ ರೈಲ್ವೆ ಯಾರ್ಡಿನಲ್ಲೇ ನಿಂತಿರುತ್ತವೆ, ಅಂದರೆ ಯಾರ್ಡೇ ಅವುಗಳ ಗೋದಾಮು. ಆದ್ದರಿಂದ ಓಡಾಡಲು ಹಳಿ ಸಿಕ್ಕಿ ನಿಲ್ಲಿಸಲು ಯಾರ್ಡ್ ಸಿಗದ ಕಂಪನಿ ಆ ಉದ್ಯಮದ ಪಾಲಿಗೆ ಪ್ರತಿಸ್ಪರ್ಧಿಯೇ ಅಲ್ಲ. ಇದು ನಿಮ್ಮ ದಿನನಿತ್ಯದ ಕೆಲಸಕ್ಕೆ ಸೇರಿದ ಸಂಗತಿ. ಹಾಗಿದ್ದೂ ಲೇಖನದಲ್ಲಿ ಇದರ ಸುಳಿವೇ ಇಲ್ಲದ್ದನ್ನು ಕಂಡು ನನಗೆ ನಿಜಕ್ಕೂ ಬೇಸರವಾಯಿತು.

ನ್ಯಾಯ ಇಲಾಖೆಯ ವಕೀಲರನ್ನು ನೀವು ಸರ್ಕಾರದ ಪರ ವಕೀಲರೆಂದು ಕರೆದು, ಅವರು ಬೇಡವೆಂದ ಮೇಲೂ ವಿಲೀನ ನಡೆದದ್ದನ್ನು ಅಚ್ಚರಿಯಾಗಿ ಚಿತ್ರಿಸಿದ್ದೀರಿ. ರೈಲು ವಿಲೀನಗಳಲ್ಲಿ ನ್ಯಾಯ ಇಲಾಖೆಯದು ಅಭಿಪ್ರಾಯ ಮಾತ್ರ, ಅಂತಿಮ ಅಧಿಕಾರ ಮಂಡಳಿಯದು. ಮಂಡಳಿ ಒಪ್ಪಿಗೆ ಕೊಟ್ಟ ವಿಲೀನಕ್ಕೆ ಏಕಸ್ವಾಮ್ಯ ವಿರೋಧಿ ಕಾನೂನುಗಳೂ ಅಡ್ಡಬರುವುದಿಲ್ಲ. ಅಂದರೆ ಬೇರೆ ಉದ್ಯಮಗಳ ವಿಲೀನವನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲ ಇಲಾಖೆ ಇಲ್ಲಿ ಕಾನ್ಸಾಸ್ ಸಿಟಿ ಸದರ್ನ್, ಕಾನ್‌ರೈಲ್ ಕಂಪನಿಗಳ ಹಾಗೆ ತಕರಾರು ಸಲ್ಲಿಸಿದ ಪಕ್ಷಗಳಲ್ಲಿ ಒಂದಾಗಿ ತನ್ನ ಸರದಿಗೆ ಕಾಯುತ್ತದೆ. ಈ ವ್ಯವಸ್ಥೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳುವುದು ಅನಿವಾರ್ಯ. ರೈಲ್ವೆ ಎಂದರೆ ದೆಹಲಿಯ ಒಂದು ಸಚಿವಾಲಯ, ಹಳಿ, ಗಾಡಿ, ದರ ಎಲ್ಲವೂ ಅದರದೇ ಎಂದು ತಿಳಿದು ಬೆಳೆದವರು ನಾವು. ಹಳಿಯೇ ಖಾಸಗಿ ಕಂಪನಿಯ ಸ್ವತ್ತಾಗಿರುವ ನಾಡಿನಲ್ಲಿ ಇಂಥ ಮಂಡಳಿ ಏಕೆ ಬೇಕಾಯಿತು ಎಂಬುದನ್ನು ಮೊದಲ ಪುಟದಲ್ಲೇ ಹೇಳದಿದ್ದರೆ ಉಳಿದದ್ದು ಯಾರಿಗೂ ತಲುಪುವುದಿಲ್ಲ.

ಹಿನ್ನೆಲೆಯಾಗಿ 1986ರ ಪ್ರಕರಣವನ್ನು ತನ್ನಿ. ಇದೇ ಸದರ್ನ್ ಪೆಸಿಫಿಕ್ ಆಗ ಸಾಂಟಾ ಫೇ ರೈಲು ಕಂಪನಿಯ ಜೊತೆ ಸೇರಲು ಹೊರಟಿತ್ತು. ಒಪ್ಪಿಗೆ ಸಿಕ್ಕೇ ಸಿಗುತ್ತದೆಂಬ ಭರವಸೆಯಲ್ಲಿ ಎರಡೂ ಕಂಪನಿಗಳು ಎಂಜಿನ್ನುಗಳಿಗೆ ಕೆಂಪು ಹಳದಿ ಬಣ್ಣ ಬಳಿದು, ಪಕ್ಕದಲ್ಲಿ ತಮ್ಮ ಹೆಸರಿನ ಎರಡು ಇಂಗ್ಲಿಷ್ ಅಕ್ಷರ (SP ಅಥವಾ SF) ಮಾತ್ರ ಬರೆದು, ಇನ್ನೊಂದರ ಎರಡಕ್ಷರಕ್ಕೆ ಜಾಗ ಬಿಟ್ಟಿದ್ದವು. ಸಮಾನಾಂತರ ಮಾರ್ಗಗಳಲ್ಲಿ ಪೈಪೋಟಿ ಸಾಯುತ್ತದೆ ಎಂಬ ಕಾರಣಕ್ಕೆ ಆಯೋಗ ನಾಲ್ಕು-ಒಂದು ಮತಗಳಿಂದ ನಿರಾಕರಿಸಿತು. ಆ ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು. ಹತ್ತು ವರ್ಷಗಳ ನಂತರ ಅದೇ ಕಂಪನಿ ತಾನು ಒಬ್ಬಂಟಿಯಾಗಿ ಹೆಚ್ಚು ಕಾಲ ಬಾಳಲಾರೆನೆಂದು ಹೇಳಿಕೊಂಡು ಮತ್ತೆ ಬಾಗಿಲು ತಟ್ಟಿದಾಗ ಸದಸ್ಯರ ಮನಸ್ಸಿನಲ್ಲಿ ಏನೇನು ಎಡತಾಕಿರಬಹುದು ಎಂದು ಓದುಗ ತಾನೇ ಊಹಿಸಲಿ, ನೀವು ಬರೆದು ತೋರಿಸಬೇಡಿ.

ಇನ್ನು ಮುಕ್ತಾಯ. ಜುಲೈ 3ರಂದು ಮೂವರೂ ಒಮ್ಮತದಿಂದ ಒಪ್ಪಿಗೆ ಕೊಟ್ಟದ್ದಕ್ಕೆ ನಿಮ್ಮ ಲೇಖನ ನಿಲ್ಲುತ್ತದೆ. ಲಿಖಿತ ತೀರ್ಮಾನ ಹೊರಬಿದ್ದದ್ದು ಆಗಸ್ಟ್ 12ರಂದು, ಷರತ್ತುಗಳ ಜೊತೆಗೆ, ಐದು ವರ್ಷಗಳ ಮೇಲ್ವಿಚಾರಣೆಯ ಕಟ್ಟುಪಾಡಿನೊಂದಿಗೆ. 1997ರ ಬೇಸಗೆಯಿಂದಾಚೆಗೆ ನಿಮ್ಮ ಹ್ಯೂಸ್ಟನ್ನಿನ ಎಂಗಲ್‌ವುಡ್ ಯಾರ್ಡ್ ತುಂಬಿ ತುಳುಕಿ, ಒಳಗೆ ಜಾಗವಿಲ್ಲದ ರೈಲುಗಳು ದೂರದೂರದ ಹಳಿಗಳ ಮೇಲೆ ನಿಲ್ಲುವಂತಾಯಿತು. ಅಕ್ಟೋಬರ್ 31ರಂದು ಮಂಡಳಿ ತುರ್ತು ಆದೇಶ ಹೊರಡಿಸಿ ಹ್ಯೂಸ್ಟನ್ನಿನ ಸರಕನ್ನು ಟೆಕ್ಸ್‌ಮೆಕ್ಸ್ ಎಂಬ ಸಣ್ಣ ರೈಲು ಕಂಪನಿಯೂ ಸಾಗಿಸಲು ದಾರಿ ಮಾಡಿಕೊಟ್ಟಿತು. ಆ ಆದೇಶ 1998ರ ಆಗಸ್ಟ್‌ವರೆಗೆ ಜಾರಿಯಲ್ಲಿತ್ತು. ಇದನ್ನು ಸೇರಿಸಿ, ಆದರೆ ವಿರೋಧಿಗಳ ಭವಿಷ್ಯವಾಣಿ ನಿಜವಾಯಿತು ಎಂಬ ಧಾಟಿಯಲ್ಲಿ ಬರೆಯಬೇಡಿ. ಅವರು ಮುಖ್ಯವಾಗಿ ವಾದಿಸಿದ್ದು ಪೈಪೋಟಿ ಮತ್ತು ದರದ ಬಗ್ಗೆ; ಕುಸಿದದ್ದು ಸೇವೆ. ವಾದದ ದಿನ ಎಲ್ಲರೂ ಒಂದು ಅಪಾಯದ ಸುತ್ತ ನಿಮಿಷಗಳನ್ನು ಎಣಿಸುತ್ತಿದ್ದಾಗ ಇನ್ನೊಂದು ಅಪಾಯ ಯಾರ್ಡುಗಳಲ್ಲಿ ಬೆಳೆಯುತ್ತಿತ್ತು ಎಂಬುದೇ ನಿಮ್ಮ ಲೇಖನದ ನಿಜವಾದ ವಸ್ತು ಎಂದು ನನಗೆ ತೋರುತ್ತದೆ.

ತಿದ್ದುವಾಗ ಭತ್ತದ ರೈತನನ್ನು ಕೈಬಿಡಿ. ಅವನ ಜಾಗಕ್ಕೆ ಕಡತದಲ್ಲಿ ಹೇಳಿಕೆ ಸಲ್ಲಿಸಿದ ಒಂದು ಸಂಸ್ಥೆಯನ್ನು ಆರಿಸಿಕೊಂಡು, ಅದರ ಅಹವಾಲು ಆ ಹೇಳಿಕೆಯಿಂದ ವಕೀಲರ ನಾಲಿಗೆಗೆ, ಅಲ್ಲಿಂದ ಮಂಡಳಿಯ ಷರತ್ತಿಗೆ ಹೇಗೆ ಸಾಗಿತು, ಎಲ್ಲಿ ಕಳೆದುಹೋಯಿತು ಎಂದು ಹಿಂಬಾಲಿಸಿ. ಉದ್ಧರಣ ಚಿಹ್ನೆಯೊಳಗಿನ ಪ್ರತಿಯೊಂದು ಮಾತೂ ಅಧಿಕೃತ ನಡಾವಳಿಯದಾಗಿರಬೇಕು, ಆ ಪುಟಗಳ ನಕಲನ್ನು ಹಸ್ತಪ್ರತಿಯ ಜೊತೆಗೆ ಲಗತ್ತಿಸಿ. ಅವನ್ನು ನಾನು ಸಾಲು ಸಾಲಾಗಿ ತಾಳೆ ನೋಡಿದ ಮೇಲೆ ಮುಂದಿನ ಮಾತು.

ಇಂತಿ,
ಸಂಪಾದಕರು