ಭಾವಿ ಅಳಿಯನಿಗೆ ರೀಲ್ಸ್ ಪರೀಕ್ಷೆ ಬೇಕೇ?

ಪ್ರಶ್ನೆ: ಮಗಳು ಮೆಚ್ಚಿದ ಹುಡುಗ ಮನೆಗೆ ಬರುತ್ತಿದ್ದಾನೆ. ರೀಲ್ಸ್‌ನಲ್ಲಿ ತೋರಿಸುವಂತೆ ಹೋಟೆಲ್‌ನಲ್ಲಿ ಪರ್ಸ್ ಮರೆತ ನಾಟಕ ಆಡುವುದು, ಹುಡುಗಿಯ ಹೆಸರಿನ ಸುಳ್ಳು ಖಾತೆಯಿಂದ ಅವನಿಗೆ ಮೆಸೇಜ್ ಹಾಕಿ ನೋಡುವುದು ಸರಿಯೇ?
– ಒಬ್ಬ ತಾಯಿ, ತುಮಕೂರು

ಉತ್ತರ: ಪರ್ಸ್ ನಾಟಕದಿಂದ ಏನೂ ತಿಳಿಯದು. ಬಿಲ್ ಕೊಟ್ಟವನು ಉದಾರಿಯೂ ಇರಬಹುದು, ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಮುಳುಗಿದವನೂ ಇರಬಹುದು. ಹಿಂಜರಿದವನು ಜಿಪುಣನೇ ಆಗಬೇಕಿಲ್ಲ, ಹಿರಿಯರ ಮುಂದೆ ಬಿಲ್‌ಗೆ ಕೈ ಹಾಕಿದರೆ ಅಧಿಕಪ್ರಸಂಗವಾದೀತೆಂಬ ಅಳುಕೂ ಇದ್ದೀತು. ಅಂದಹಾಗೆ, ವಿಡಿಯೊದಲ್ಲಿ ಹುಡುಗನ ಅಂಗಿಗೆ ಪುಟ್ಟ ಮೈಕ್ ಸಿಕ್ಕಿಸಿದ್ದರೆ ಅವನಿಗೂ ಮೊದಲೇ ಗೊತ್ತಿತ್ತೆಂದೇ ತಿಳಿಯಿರಿ.

ಸುಳ್ಳು ಖಾತೆಯಂತೂ ಬೇಡವೇ ಬೇಡ. ಅಪರಿಚಿತರು ಕಳಿಸಿದ್ದು ಇನ್‌ಸ್ಟಾಗ್ರಾಂನಲ್ಲಿ ಸಾಮಾನ್ಯವಾಗಿ ‘ರಿಕ್ವೆಸ್ಟ್’ ಪಟ್ಟಿಗೆ ಹೋಗುತ್ತದೆ. ಅದನ್ನು ತೆರೆದೇ ನೋಡದವನಿಗೂ ನೀವು ‘ಪಾಸ್’ ಅಂಕ ಕೊಟ್ಟಿರುತ್ತೀರಿ. ಬೇರೆ ಹುಡುಗಿಯ ಫೋಟೊ ಬಳಸಿದ್ದರೆ ಆಕೆ ದೂರು ಕೊಡಬಹುದು. ಗುಟ್ಟು ರಟ್ಟಾದ ದಿನ ಮಗಳ ಸಿಟ್ಟು ತಿರುಗುವುದೂ ನಿಮ್ಮ ಮೇಲೆಯೇ.

ಪ್ರಶ್ನೆ: ಹಾಗಾದರೆ ವಿಚಾರಿಸುವುದೇ ತಪ್ಪೇ?
– ಒಬ್ಬ ತಂದೆ, ಹಾಸನ

ಉತ್ತರ: ಖಂಡಿತ ತಪ್ಪಲ್ಲ. ಮಗಳಿಗೆ ತಿಳಿಸಿ, ಹುಡುಗನನ್ನೇ ನೇರವಾಗಿ ಕೇಳಿ. ಕೆಲಸದ ಬಗ್ಗೆ ಅನುಮಾನವಿದ್ದರೆ ಪಿಎಫ್ ಪಾಸ್‌ಬುಕ್ ನೋಡಿ. ಯಾವ ಸಂಸ್ಥೆ, ಯಾವ ತಿಂಗಳಿಂದ ಹಣ ಕಟ್ಟಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಆಫರ್ ಲೆಟರ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು. ಸಾಲದ ವಿವರಕ್ಕೆ ಕ್ರೆಡಿಟ್ ವರದಿ ಇದೆ. ಸಾಲದ ಲೆಕ್ಕ ಇಡುವ ಸಿಬಿಲ್‌ನಂಥ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದಲೂ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಅದನ್ನು ಅವನೇ ತೆಗೆದು ತೋರಿಸಬೇಕು, ಅವನ ಪ್ಯಾನ್ ಸಂಖ್ಯೆ ಹಾಕಿ ನೀವು ತೆಗೆಯುವಂತಿಲ್ಲ. ಮೊದಲೊಂದು ಮದುವೆಯಾಗಿ ವಿಚ್ಛೇದನವಾಗಿದ್ದರೆ ಕೋರ್ಟ್ ಕೊಟ್ಟ ಡಿಕ್ರಿಯ ದೃಢೀಕೃತ ಪ್ರತಿ ಕೇಳಿ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ, ವರ್ಷ ಆರಿಸಿ ಕಕ್ಷಿದಾರರ ಹೆಸರು ಕೊಟ್ಟರೆ ಪ್ರಕರಣಗಳು ಸಿಗುತ್ತವೆ. ಎಡವಟ್ಟಾಗುವುದು ಇಲ್ಲೇ: ಮಂಜುನಾಥ ಎಂದು ಹುಡುಕಿದರೆ ಊರಿನ ಮಂಜುನಾಥರೆಲ್ಲ ಬರುತ್ತಾರೆ. ತಂದೆಯ ಹೆಸರು, ವಿಳಾಸ ತಾಳೆಯಾಗದೆ ಯಾರ ಮೇಲೂ ಗೂಬೆ ಕೂರಿಸಬೇಡಿ. ಇನ್ನೊಂದು ಮಾತು: ಅವನ ಕಡೆಯವರು ನಿಮ್ಮ ಮಗಳ ಕಾಗದಪತ್ರ ಕೇಳಿದರೆ ಮುನಿಯಬಾರದು.

ಪ್ರಶ್ನೆ: ನಮ್ಮವರು ಮಗಳ ಗೆಳೆಯನನ್ನು ಗುಟ್ಟಾಗಿ ಚಿತ್ರೀಕರಿಸಿ ಹಾಕಿಬಿಟ್ಟರು. ವಿಡಿಯೊ ವೈರಲ್ ಆಗಿದೆ, ಅವನು ತೆಗೆಯಿರಿ ಎನ್ನುತ್ತಿದ್ದಾನೆ.
– ಹೆಸರು ಬೇಡ, ಮೈಸೂರು

ಉತ್ತರ: ಇವತ್ತೇ ತೆಗೆಯಿರಿ. ‘ಆರ್ಕೈವ್’ ಸಾಕಾಗದು, ಡಿಲೀಟ್ ಮಾಡಿ, ‘ಇತ್ತೀಚೆಗೆ ಅಳಿಸಿದ್ದು’ ಪಟ್ಟಿಯಿಂದಲೂ ಅಳಿಸಿ. ಅದಕ್ಕೂ ಮುಂಚೆ ಲಿಂಕ್ ಬರೆದಿಟ್ಟುಕೊಳ್ಳಿ. ಮರುಹಂಚಿಕೆಯಾದ ಪ್ರತಿಗಳ ಲಿಂಕ್, ಸ್ಕ್ರೀನ್‌ಶಾಟ್ ಒಟ್ಟುಮಾಡಿ, ಒಂದೊಂದಕ್ಕೂ ಬೇರೆಬೇರೆ ರಿಪೋರ್ಟ್ ಹಾಕಿ. ಆ್ಯಪ್ ನಡೆಸುವ ಕಂಪನಿಯ ಕುಂದುಕೊರತೆ ಅಧಿಕಾರಿಯ ಉತ್ತರ ಸಮಾಧಾನ ತರದಿದ್ದರೆ, 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು.

ಅಡಿಬರಹದಲ್ಲಿ ‘ಮೋಸಗಾರ’ ಎಂದೇನಾದರೂ ಬರೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟ ದೂರು ಬರಬಹುದು. ಶಿಕ್ಷೆ 2 ವರ್ಷದವರೆಗೂ ಇದೆ. ‘ನಮ್ಮ ಮನೆ, ನಮ್ಮ ಕ್ಯಾಮೆರಾ’ ಎಂದರೆ ನಡೆಯದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲೇ. ಕ್ಷಮೆಯನ್ನು ಮಾತ್ರ ಇನ್ನೊಂದು ರೀಲ್ ಮಾಡಿ ಕೇಳಬೇಡಿ. ಯಜಮಾನರೇ ಅವನಿಗೆ ಫೋನ್ ಮಾಡಲಿ.