ಗಡಿನಾಡಿನ ವಿದ್ಯಾರ್ಥಿನಿಯ ಕಾಲೇಜು ಪಟ್ಟಿ

ಪ್ರಶ್ನೆ: ಮಗಳು ಪ್ಲಸ್ ಟು ವಿಜ್ಞಾನ ಓದುತ್ತಿದ್ದಾಳೆ. ಹತ್ತರವರೆಗೆ ಕನ್ನಡ ಮಾಧ್ಯಮ. ಇಂಜಿನಿಯರಿಂಗ್ ಸೇರುವ ಆಸೆಯಿದೆ, ಆಗದಿದ್ದರೆ ಬಿ.ಎಸ್ಸಿ. ಮಂಗಳೂರಿನ ಕಡೆಗಷ್ಟೇ ಅರ್ಜಿ ಹಾಕುತ್ತೇನೆ ಎನ್ನುತ್ತಾಳೆ. ಎಷ್ಟು ಕಾಲೇಜುಗಳಿಗೆ, ಯಾವ ಲೆಕ್ಕದಲ್ಲಿ ಅರ್ಜಿ ಹಾಕಿದರೆ ವರ್ಷ ವ್ಯರ್ಥವಾಗದು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸಿಗುವುದು ಕಷ್ಟವಾದವು, ಸಿಗಬಹುದಾದವು, ಖಂಡಿತ ಸಿಗುವಂಥವು ಎಂದು ಅಂಕಗಳನ್ನು ನೋಡಿ ಕಾಲೇಜುಗಳನ್ನು ವಿಂಗಡಿಸುವುದು ಎಲ್ಲ ಕಡೆಯ ರೂಢಿ. ಕಾಸರಗೋಡಿನವರಿಗೆ ಅದಷ್ಟೇ ಸಾಲದು. ಅಂಕ ಸಾಕಷ್ಟಿದ್ದರೂ ಗಡಿಯಾಚೆ ಪ್ರಮಾಣಪತ್ರವೊಂದು ತಿರಸ್ಕೃತವಾದರೆ ಸೀಟು ಕೈತಪ್ಪುವುದರಿಂದ, ಅಂಕ ಮತ್ತು ದಾಖಲೆ ಎರಡರಲ್ಲೂ ಸಂಶಯವಿಲ್ಲದ ಕಾಲೇಜನ್ನು ಮಾತ್ರ ನೀವು ‘ಖಂಡಿತ’ದ ಸಾಲಿಗೆ ಸೇರಿಸಬೇಕು.

ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿದ್ದು, ಇಲ್ಲಿ ನಿಗದಿತ ವರ್ಷಗಳ ಕಾಲ ಓದಿರುವವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಸರಕಾರಿ ಸೀಟಿಗೆ ಅರ್ಹರಾಗುತ್ತಾರೆ. ನಿಮ್ಮ ಮಗಳಿಗೆ ಆ ಪರೀಕ್ಷೆ ಭಾರವಾಗಲಾರದು. ಆದರೆ ಅರ್ಜಿ ತುಂಬುವಾಗ ಸರಿಯಾದ ಅರ್ಹತಾ ಕಲಮನ್ನು ಗುರುತಿಸದಿದ್ದರೆ ಆಕೆ ಹೊರರಾಜ್ಯದವಳೆಂದೇ ಪರಿಗಣಿತಳಾಗುವ ಅಪಾಯವಿದೆ. ಕೇರಳದಲ್ಲಿ ಪಡೆದ ಹಿಂದುಳಿದ ವರ್ಗದ ಪ್ರಮಾಣಪತ್ರ ಕರ್ನಾಟಕದಲ್ಲಿ ತಾನಾಗಿ ಸಲ್ಲುವುದಿಲ್ಲವಾದ್ದರಿಂದ, ಅಲ್ಲಿನ ಹಳೆಯ ಕಟ್ ಆಫ್ ರ‍್ಯಾಂಕ್ ನೋಡುವಾಗ ಸಾಮಾನ್ಯ ವರ್ಗದ ಅಂಕಣವನ್ನೇ ನೋಡುವುದು ಕ್ಷೇಮ.

ಇಂಜಿನಿಯರಿಂಗ್ ಪ್ರವೇಶಕ್ಕೆ ಕೇರಳ ನಡೆಸುವ ಕೀಮ್ ಪರೀಕ್ಷೆಯನ್ನು ಬಿಡಲೇಬಾರದು. ಪೊವ್ವಲ್‌ನಲ್ಲಿರುವ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ಮನೆಗೆ ಹತ್ತಿರ, ಆ ದಾರಿಯಲ್ಲಿ ಆಕೆಯ ದಾಖಲೆಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಎರಡೂ ರಾಜ್ಯಗಳಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪ್ಲಸ್ ಟು ಅಂಕಗಳೂ ಸೇರುತ್ತವೆ ಎಂಬುದನ್ನು, ಪ್ರವೇಶ ಪರೀಕ್ಷೆಯ ತರಬೇತಿಗೇ ಜೋತುಬೀಳುವ ಹೆತ್ತವರು ಮರೆಯುವುದುಂಟು.

ರಾಷ್ಟ್ರಮಟ್ಟದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಬರೆಯುವುದಾದರೆ ಇನ್ನೊಂದು ವಿಷಯ ತಿಳಿದಿರಲಿ. ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಾದ ಎನ್ಐಟಿಗಳಲ್ಲಿ ಅರ್ಧದಷ್ಟು ಸೀಟುಗಳು ತವರು ರಾಜ್ಯದವರಿಗೆ ಮೀಸಲು, ಹನ್ನೆರಡನೆಯ ತರಗತಿ ಎಲ್ಲಿ ಪಾಸಾಯಿತೋ ಅದೇ ತವರು ರಾಜ್ಯ. ಮಾತೃಭಾಷೆ ಯಾವುದೆಂದು ಅಲ್ಲಿ ಕೇಳುವವರಿಲ್ಲ. ಹಾಗಾಗಿ ಮಂಗಳೂರು ಬಳಿಯ ಸುರತ್ಕಲ್ ಎನ್ಐಟಿ ಎಷ್ಟೇ ಹತ್ತಿರವಿದ್ದರೂ ಅದು ಆಕೆಗೆ ಹೊರರಾಜ್ಯ. ದೂರದ ಕೋಝಿಕ್ಕೋಡ್ ಎನ್ಐಟಿ ತವರಿನದು. ಸುರತ್ಕಲನ್ನು ಕಷ್ಟದ ಸಾಲಿನಲ್ಲಿಯೇ ಇರಿಸಿ.

ಬಿ.ಎಸ್ಸಿ.ಗೆ ಕಣ್ಣೂರು ವಿಶ್ವವಿದ್ಯಾಲಯದ ಏಕಗವಾಕ್ಷಿ ಅರ್ಜಿಯಲ್ಲಿ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ) 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜನ್ನೂ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜನ್ನೂ ಸೇರಿಸಿ. ಎರಡರಲ್ಲೂ ಕನ್ನಡ ವಿಭಾಗವಿದೆ. ಮೊದಲ ಆಯ್ಕೆಯೇ ದೊರೆತು ಸೇರದೆ ಉಳಿದರೆ ಮುಂದಿನ ಸುತ್ತುಗಳಿಂದ ಹೊರಬೀಳಬೇಕಾಗುವುದರಿಂದ, ಆಯ್ಕೆಗಳ ಕ್ರಮ ನಿಜವಾದ ಇಷ್ಟದಂತೆಯೇ ಇರಲಿ. ಮಂಗಳೂರಿನ ಪದವಿ ಕಾಲೇಜುಗಳಲ್ಲಿ ಎರಡು ಸಾಕು. ಮೊದಲೇ ಶುಲ್ಕ ಕಟ್ಟಿಸಿಕೊಳ್ಳುವ ಕಾಲೇಜಾದರೆ, ಬಿಟ್ಟುಹೋದಾಗ ಎಷ್ಟು ಮರಳಿಸುತ್ತಾರೆಂದು ಬರಹದಲ್ಲಿ ಕೇಳಿಕೊಳ್ಳಿ. ಹೊರರಾಜ್ಯದ ಬೋರ್ಡಿನವರು ಒದಗಿಸಬೇಕಾದ ಅರ್ಹತಾ ಪತ್ರ ಮತ್ತು ಮೈಗ್ರೇಶನ್ ಪತ್ರದ ಬಗ್ಗೆಯೂ ಆಗಲೇ ವಿಚಾರಿಸಿ.

ಹೀಗೆ ನೋಡಿದರೆ ಕಷ್ಟದವು ಎರಡು, ಸಿಗಬಹುದಾದವು ಮೂರು, ಖಂಡಿತ ಸಿಗುವವು ಎರಡು ಇದ್ದರೆ ಸಾಕೆಂದು ನನ್ನ ಅಭಿಪ್ರಾಯ. ಆ ಕೊನೆಯ ಎರಡೂ ಕೇರಳದವೇ ಆಗಿರಲಿ, ಮಗಳು ಬೇಸರವಿಲ್ಲದೆ ಸೇರುವಂಥವೂ ಆಗಿರಲಿ. ಪದವಿಯ ಅರ್ಜಿ ಫಲಿತಾಂಶದ ನಂತರ ಬರುತ್ತದೆ. ಆದರೆ ಸಿಇಟಿ ಮತ್ತು ಕೀಮ್ ಅರ್ಜಿಗಳು ಸಾಮಾನ್ಯವಾಗಿ ವರ್ಷದ ಆರಂಭದಲ್ಲಿಯೇ, ಪ್ಲಸ್ ಟು ಪರೀಕ್ಷೆಗೂ ಮೊದಲು ಕರೆಯಲ್ಪಡುತ್ತವೆ. ಆದ್ದರಿಂದ ವಿಲೇಜ್ ಆಫೀಸಿನ ವಾಸ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಅಕ್ಷಯ ಕೇಂದ್ರದಲ್ಲಿ ಡಿಸೆಂಬರಿನೊಳಗೇ ಅರ್ಜಿ ಕೊಡಿ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನೂ ಆಗಲೇ ಪಡೆದಿಟ್ಟುಕೊಳ್ಳಿ.