ಅಪ್‌ಡೇಟ್ ಆದ ಮೇಲೆ ಪಹಣಿ ಸೈಟ್ ತೆರೆಯುತ್ತಿಲ್ಲ: ಡೊಂಬಿವಲಿ ಅಣ್ಣನಿಗೆ ಉತ್ತರ

ಅಣ್ಣಾ, ನೀವು ಬರೆದದ್ದು ಓದಿದೆ. ರಾತ್ರಿ ವಿಂಡೋಸ್ ಸೆಕ್ಯುರಿಟಿ ಅಪ್‌ಡೇಟ್ ಆಯ್ತು, ಬೆಳಿಗ್ಗೆ ಊರಿನ ತೋಟದ ಪಹಣಿ ನೋಡೋಕೆ ಹೋದರೆ ಕೆಂಪು ಗುರುತಿನ ಎಚ್ಚರಿಕೆ ಪುಟ. ಬ್ಯಾಂಕಿನ ಸೈಟೂ ಹಾಗೇ. ಕ್ರೋಮ್, ಎಡ್ಜ್ ಎರಡರಲ್ಲೂ ಅದೇ ಕಥೆ. ಯೂಟ್ಯೂಬ್ ಮಾತ್ರ ಆರಾಮಾಗಿ ಓಡುತ್ತದೆ. ಅದೇ ವೈಫೈಯಲ್ಲಿ ಮೊಬೈಲ್‌ನಲ್ಲಿ ಎಲ್ಲವೂ ಸರಿ. ಈ ಗುಂಪಿನಲ್ಲಿ ಒಂದಿಬ್ಬರು ಆಗಲೇ ಅಪ್‌ಡೇಟ್ ಕಿತ್ತುಹಾಕಿ ಅಂದಿದ್ದಾರೆ. ನೀವು ಶನಿವಾರ ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡ್‌ಗೆ ಒಯ್ದು ಫಾರ್ಮ್ಯಾಟ್ ಮಾಡಿಸ್ತೀನಿ ಅಂತಿದ್ದೀರಿ. ಎರಡೂ ಈಗಲೇ ಬೇಡ.

ಅಪ್‌ಡೇಟ್ ಬಗ್ಗೆ ಒಂದು ಮಾತು. ಮೈಕ್ರೋಸಾಫ್ಟ್ ಇದನ್ನು ತಿಂಗಳ ಎರಡನೇ ಮಂಗಳವಾರ ಬಿಡುತ್ತದೆ. ಅಮೆರಿಕದಲ್ಲಿ ಬೆಳಿಗ್ಗೆ ಆದಾಗ ನಮ್ಮಲ್ಲಿ ರಾತ್ರಿ, ಹಾಗಾಗಿ ನಮಗೆ ತೊಂದರೆ ಕಾಣುವುದು ಬುಧವಾರ, ಗುರುವಾರ. ಆದರೆ ಅಪ್‌ಡೇಟ್ ಅಂದರೆ ರೀಸ್ಟಾರ್ಟ್ ಕೂಡ ಅಲ್ವಾ? ನಮ್ಮಲ್ಲಿ ಎಷ್ಟೋ ಜನ ಲ್ಯಾಪ್‌ಟಾಪ್ ಆಫ್ ಮಾಡುವುದೇ ಇಲ್ಲ, ಮುಚ್ಚಳ ಮುಚ್ಚಿಡುತ್ತಾರೆ ಅಷ್ಟೇ. ಆ್ಯಂಟಿವೈರಸ್‌ನ ಹೊಸ ಆವೃತ್ತಿ, ಗ್ರಾಫಿಕ್ಸ್ ಡ್ರೈವರ್, ಬ್ರೌಸರಿನದೇ ಅಪ್‌ಡೇಟ್ ಎಲ್ಲ ಬಂದು ಕಾಯುತ್ತಾ ಕೂತಿರುತ್ತವೆ. ರೀಸ್ಟಾರ್ಟ್ ಆದ ಕೂಡಲೇ ಒಟ್ಟಿಗೆ ಜಾರಿಗೆ ಬರುತ್ತವೆ. ಬೈಗುಳ ಮಾತ್ರ ವಿಂಡೋಸ್‌ಗೆ. ಅದಕ್ಕೇ ಏನನ್ನೂ ತೆಗೆಯುವ ಮೊದಲು ತಪ್ಪು ಯಾರದು ಅಂತ ನೋಡೋಣ.

ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಮೊಬೈಲ್‌ನಲ್ಲಿ ಸರಿ ಇದೆ, ಅಂದರೆ ವೈಫೈ ಮತ್ತು ಆ ಸೈಟುಗಳು ಚೆನ್ನಾಗಿವೆ. ಎರಡು ಬ್ರೌಸರಿನಲ್ಲೂ ಒಂದೇ ತೊಂದರೆ, ಅಂದರೆ ಬ್ರೌಸರಿನ ತಪ್ಪೂ ಅಲ್ಲ. ಉಳಿದದ್ದು ಲ್ಯಾಪ್‌ಟಾಪ್ ಒಳಗೆ ಬ್ರೌಸರಿಗೂ ಇಂಟರ್ನೆಟ್ಟಿಗೂ ನಡುವೆ ಕೂತಿರುವ ಯಾವುದೋ ಒಂದು. ನನ್ನ ಅನುಮಾನ ಆ್ಯಂಟಿವೈರಸ್ ಮೇಲೆ.

ಯಾಕೆ ಅಂದರೆ, ಕೆಲವು ಆ್ಯಂಟಿವೈರಸ್‌ಗಳಲ್ಲಿ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್ ಅಂತ ಒಂದು ಸೌಲಭ್ಯ ಇರುತ್ತದೆ, ಸೈಟಿಗೂ ನಮಗೂ ನಡುವಿನ ಗುಪ್ತ ಸಂಪರ್ಕವನ್ನು ಬಿಚ್ಚಿ ತಪಾಸಣೆ ಮಾಡುವುದು. ಸೊಸೈಟಿಯ ವಾಚ್‌ಮನ್ ನಿಮ್ಮ ಕೊರಿಯರ್ ಲಕೋಟೆ ಒಡೆದು ನೋಡಿ, ಮತ್ತೆ ಅಂಟಿಸಿ ತನ್ನ ಸೀಲು ಒತ್ತಿ ಕೊಟ್ಟ ಹಾಗೆ. ಬ್ಯಾಂಕಿನ ಸರ್ಟಿಫಿಕೇಟ್ (ಇದು ಅಸಲಿ ಸೈಟೇ ಅಂತ ಹೇಳುವ ಗುರುತಿನ ಚೀಟಿ) ಜಾಗದಲ್ಲಿ ಆ್ಯಂಟಿವೈರಸ್ ತನ್ನದನ್ನು ಇಡುತ್ತದೆ. ಅದರ ಮೂಲ ಸರ್ಟಿಫಿಕೇಟ್ ವಿಂಡೋಸ್‌ನ ನಂಬಿಕೆಯ ಪಟ್ಟಿಯಲ್ಲಿ ಇರುವ ತನಕ ನಮಗೆ ಗೊತ್ತೇ ಆಗುವುದಿಲ್ಲ. ಅದು ಪಟ್ಟಿಯಿಂದ ತಪ್ಪಿತೋ, ಬ್ರೌಸರ್ 'ಇದನ್ನು ಕೊಟ್ಟವರು ಯಾರು, ನನಗೆ ಗೊತ್ತಿಲ್ಲ' ಅಂತ ಬಾಗಿಲು ಹಾಕುತ್ತದೆ.

ಯೂಟ್ಯೂಬ್ ಯಾಕೆ ಓಡುತ್ತದೆ ಅಂತ ಕೇಳಿದ್ದಿರಿ. ಗೂಗಲ್‌ನ ಸೈಟುಗಳಿಗೆ ಕ್ರೋಮ್ ಮತ್ತು ಎಡ್ಜ್ ಸಾಮಾನ್ಯವಾಗಿ ಕ್ವಿಕ್ ಅನ್ನುವ ಬೇರೆ ದಾರಿಯಲ್ಲಿ ಹೋಗುತ್ತವೆ. 2021ರಲ್ಲಿ ಅದು ಅಧಿಕೃತ ಮಾನದಂಡವೂ ಆಯಿತು. ಎಷ್ಟೋ ಆ್ಯಂಟಿವೈರಸ್‌ಗಳಿಗೆ ಆ ದಾರಿಯಲ್ಲಿ ಹೋಗುವ ಲಕೋಟೆ ಒಡೆಯಲು ಬರುವುದಿಲ್ಲ. ಹಾಗಾಗಿ ಯೂಟ್ಯೂಬ್ ಪಾರು, ಪಹಣಿ ಸಿಕ್ಕಿಬಿತ್ತು. ಗೂಗಲ್ ಮಾತ್ರ ತೆರೆದು ಉಳಿದದ್ದು ಕೆಂಪಾದರೆ ನಾನು ನೋಡುವುದೇ ಇಲ್ಲಿ.

ಖಚಿತ ಮಾಡಿಕೊಳ್ಳುವುದು ಸುಲಭ. ಕೆಂಪು ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಕೋಡ್ ಇರುತ್ತದೆ, ಯಾರೂ ಓದುವುದಿಲ್ಲ. ಅದರ ಕೊನೆಯಲ್ಲಿ 'ಆಥಾರಿಟಿ ಇನ್‌ವ್ಯಾಲಿಡ್' ಅಂತ ಇದ್ದರೆ ಸರ್ಟಿಫಿಕೇಟ್ ಕೊಟ್ಟವರ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ. ಈಗ ವಿಳಾಸದ ಎಡಗಡೆ ಇರುವ 'ನಾಟ್ ಸೆಕ್ಯೂರ್' ಒತ್ತಿ, ಸರ್ಟಿಫಿಕೇಟ್ ವಿವರ ತೆರೆಯಿರಿ. 'ಇಶ್ಯೂಡ್ ಬೈ' ಅನ್ನುವ ಕಡೆ ನಿಮ್ಮ ಆ್ಯಂಟಿವೈರಸ್ ಹೆಸರು ಕಂಡರೆ ಕಳ್ಳ ಸಿಕ್ಕ. ಆ್ಯಂಟಿವೈರಸ್ ಸೆಟ್ಟಿಂಗ್ಸ್‌ನಲ್ಲಿ ವೆಬ್ ಶೀಲ್ಡ್ ಅಥವಾ ಎಸ್‌ಎಸ್‌ಎಲ್ ಸ್ಕ್ಯಾನಿಂಗ್ ಅಂತ (ಅದೇ ಲಕೋಟೆ ಒಡೆಯುವ ಕೆಲಸ) ಏನಿದೆಯೋ ಅದನ್ನಷ್ಟೇ ಆಫ್ ಮಾಡಿ, ಬ್ರೌಸರ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಪಹಣಿ ಬಂತಾ? ಹಾಗಾದರೆ ಆ್ಯಂಟಿವೈರಸ್ ತೆಗೆದು ಹೊಸದಾಗಿ ಹಾಕಿ, ಅದರ ಸರ್ಟಿಫಿಕೇಟ್ ಮತ್ತೆ ಪಟ್ಟಿಗೆ ಸೇರುತ್ತದೆ. ಲೈಸೆನ್ಸ್ ಮುಗಿದದ್ದಾಗಿದ್ದರೆ ತೆಗೆದೇ ಬಿಡಿ. ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಆನ್ ಆಗುತ್ತದೆ, ಅದು ಸರ್ಟಿಫಿಕೇಟ್ ಬದಲಿಸುವ ಗೊಡವೆಗೆ ಹೋಗುವುದಿಲ್ಲ. ಮನೆ ಬಳಕೆಗೆ ಅಷ್ಟು ಸಾಕು ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಕೆಲವರು ಒಪ್ಪಲಿಕ್ಕಿಲ್ಲ.

ಕೋಡ್‌ನಲ್ಲಿ 'ಡೇಟ್ ಇನ್‌ವ್ಯಾಲಿಡ್' ಅಂತ ಇದ್ದರೆ ದಾರಿಯೇ ಬೇರೆ, ಗಡಿಯಾರ ನೋಡಿ. ನಿಮಗೆ ಯೂಟ್ಯೂಬ್ ಬರುವುದರಿಂದ ಇದು ಕಡಿಮೆ ಸಾಧ್ಯತೆ. ಆದರೆ ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋಗುವ ನಮ್ಮವರ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಇದು ಜಾಸ್ತಿ. ಒಳಗೆ ಗಡಿಯಾರ ನಡೆಸುವ ಸಿಆರ್ 2032 ಅನ್ನುವ ಬಿಲ್ಲೆ ಸೆಲ್ ಇರುತ್ತದೆ, ಅದು ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಸ್ಟೇಷನ್ ಹತ್ತಿರದ ವಾಚ್ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ.

ಆಫೀಸಿನ ವಿಪಿಎನ್ ಏನಾದರೂ ಇದ್ದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ (ಇಂಟರ್ನೆಟ್ಟಿಗೆ ಹೋಗುವ ನಡುವಿನ ದಾರಿ) ಪುಟ ಒಮ್ಮೆ ನೋಡಿ. ನೀವು ಹಾಕದ ವಿಳಾಸ ಅಲ್ಲಿ ಇರಬಾರದು.

ಒಂದು ಮಾತ್ರ ಮಾಡಬೇಡಿ. ಆ ಕೆಂಪು ಪುಟದಲ್ಲಿ 'ಅಡ್ವಾನ್ಸ್ಡ್' ಒತ್ತಿ ಸುಮ್ನೆ ಮುಂದೆ ಹೋಗುವುದು. ಬ್ಯಾಂಕಿಗಂತೂ ಬೇಡವೇ ಬೇಡ.

ಪುಣೆಯ ಅಕ್ಕ ಕೆಳಗೆ ಕೇಳಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಕ್ಕಾ, ನಿಮ್ಮದು ಪುಟ ಸರಿಸುವಾಗ ಪರದೆ ಕಪ್ಪಾಗುವುದು, ಚೌಕ ಚೌಕವಾಗಿ ಒಡೆಯುವುದು. ಅದು ಹೆಚ್ಚಾಗಿ ಗ್ರಾಫಿಕ್ಸ್ ತಂಟೆ. ಕ್ರೋಮ್ ಸೆಟ್ಟಿಂಗ್ಸ್, ಸಿಸ್ಟಮ್, ಅಲ್ಲಿ ಗ್ರಾಫಿಕ್ಸ್ ಆ್ಯಕ್ಸಿಲರೇಶನ್ ಆಫ್ ಮಾಡಿ ರೀಲಾಂಚ್ ಕೊಡಿ. ಸರಿಹೋದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ಡ್ರೈವರ್ ಹಾಕಿ, ಆಮೇಲೆ ಅದನ್ನು ಮತ್ತೆ ಆನ್ ಮಾಡಬಹುದು. ಸರಿಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎನ್ ಒತ್ತಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಅಲ್ಲಿ ಎಕ್ಸ್‌ಟೆನ್ಶನ್‌ಗಳು ನಾವು ಬಿಡದೆ ಓಡುವುದಿಲ್ಲ. ಅಲ್ಲಿ ಚೆನ್ನಾಗಿ ಬಂದರೆ ತಪ್ಪು ಯಾವುದೋ ಎಕ್ಸ್‌ಟೆನ್ಶನ್‌ದು ಅಥವಾ ಹಳೇ ಕುಕ್ಕಿಯದು (ಸೈಟುಗಳು ಬ್ರೌಸರಿನಲ್ಲಿ ಬಿಟ್ಟುಹೋಗುವ ಸಣ್ಣ ನೆನಪಿನ ಚೀಟಿ). ಕುಕ್ಕಿ ಅಳಿಸುವ ಮೊದಲು ಪಾಸ್‌ವರ್ಡ್‌ಗಳು ನೆನಪಿವೆಯಾ ನೋಡಿಕೊಳ್ಳಿ, ಎಲ್ಲ ಕಡೆ ಲಾಗೌಟ್ ಆಗುತ್ತದೆ.

ಹಾಗಂತ ಅಪ್‌ಡೇಟ್‌ದೇ ತಪ್ಪು ಇರುವುದೇ ಇಲ್ಲ ಅಂತಲ್ಲ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 11ಕ್ಕೆ ಬಂದ ಕೆಬಿ 5066835 ಅನ್ನುವ ಅಪ್‌ಡೇಟ್, ಲ್ಯಾಪ್‌ಟಾಪ್ ತನ್ನೊಂದಿಗೆ ತಾನೇ ಮಾತಾಡುವ 127.0.0.1 ವಿಳಾಸದ ಸಂಪರ್ಕವನ್ನೇ ಕೆಡಿಸಿತ್ತು. ಮಾಮೂಲಿ ಸೈಟುಗಳು ತೆರೆಯುತ್ತಿದ್ದವು, ಆ ವಿಳಾಸ ನಂಬಿದ ಪ್ರೋಗ್ರಾಂಗಳು ಮಾತ್ರ ಕೈಕೊಟ್ಟವು. ಮೈಕ್ರೋಸಾಫ್ಟ್ ಆಮೇಲೆ ಅದನ್ನು ಸರಿಮಾಡಿತು. ಹೋಟೆಲ್ ಲೆಕ್ಕ ನೋಡುವವರು ಈ ಗುಂಪಿನಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಹೇಳಿದೆ: ಜಿಎಸ್‌ಟಿಗೆ ಡಿಜಿಟಲ್ ಸಹಿ ಹಾಕುವ ಪ್ರೋಗ್ರಾಂ ಕೂಡ ಅದೇ ವಿಳಾಸದಲ್ಲಿ ಕೆಲಸ ಮಾಡುತ್ತದೆ. ಸೈಟ್ ತೆರೆದು ಸಹಿ ಮಾತ್ರ ಆಗದಿದ್ದರೆ ಸಹಿಯ ಪೆನ್‌ಡ್ರೈವಿಗೆ ಬೈಯುವ ಮೊದಲು ಆ ಕಡೆ ನೋಡಿ.

ಅಣ್ಣಾ, ಮೇಲಿನದೆಲ್ಲ ಮಾಡಿಯೂ ಆಗದಿದ್ದರೆ ಅಪ್‌ಡೇಟ್ ತೆಗೆಯಬಹುದು. ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ, ಅದರ ಕೆಳಗೆ ಅನ್‌ಇನ್‌ಸ್ಟಾಲ್. ತಾರೀಖು ನೋಡಿ, ಆ ರಾತ್ರಿಯದೊಂದನ್ನೇ ತೆಗೆಯಿರಿ. ಅದಕ್ಕೂ ಮೊದಲು ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ಬಿಟ್‌ಲಾಕರ್ ರಿಕವರಿ ಕೀ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗದ ಕೀಲಿ) ಇದೆಯಾ ನೋಡಿ, ಇದ್ದರೆ ಕಾಗದದ ಮೇಲೆ ಬರೆದಿಡಿ. 48 ಅಂಕಿ ಇರುತ್ತದೆ. ಇಂಥ ಕೆಲಸದ ನಡುವೆ ಲ್ಯಾಪ್‌ಟಾಪ್ ಅದನ್ನು ಕೇಳಿ ಕೂತರೆ, ಕೀ ಇಲ್ಲದವರಿಗೆ ಡಿಸ್ಕ್‌ನಲ್ಲಿರುವ ಫೋಟೊ, ಕಡತ ಯಾವುದೂ ಸಿಗುವುದಿಲ್ಲ. ತೆಗೆದ ಮೇಲೆ ಅಪ್‌ಡೇಟನ್ನು ಒಂದು ವಾರ ಪಾಜ್ ಮಾಡಿ, ಅಂದರೆ ತಡೆಹಿಡಿಯಿರಿ, ಇಲ್ಲದಿದ್ದರೆ ರಾತ್ರಿ ಮತ್ತೆ ಬಂದು ಕೂರುತ್ತದೆ. ವಾರದ ಮೇಲೆ ಬೇಡ, ಅದು ಭದ್ರತೆಯ ತೇಪೆ.

ನಿಮ್ಮ ಇನ್ನೊಂದು ವಿಂಡೋಸ್ 7 ಡೆಸ್ಕ್‌ಟಾಪ್ ವಿಷಯ ಬಿಡಿ. ಅದಕ್ಕೆ ಕ್ರೋಮ್ 109 ಕೊನೆ, ಅದು ಬಂದದ್ದು 2023ರಲ್ಲಿ. ಬ್ಯಾಂಕಿನ ಕೆಲಸ ಅದರಲ್ಲಿ ಮಾಡಬೇಡಿ. ವಿಂಡೋಸ್ 10 ಇಟ್ಟುಕೊಂಡವರಿಗೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಪರದೆ ತುಂಬಾ 'ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ' ಅಂತ ಬಂದರೆ ಅದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ.

ಪಹಣಿ ಅರ್ಜೆಂಟ್ ಇದ್ದರೆ ಸದ್ಯಕ್ಕೆ ಮೊಬೈಲ್‌ನಲ್ಲೇ ತೆಗೆದುಕೊಳ್ಳಿ. ರಾತ್ರಿ ಪುರುಸೊತ್ತಾದಾಗ ಆ ಸಣ್ಣ ಅಕ್ಷರದ ಕೋಡ್ ಮತ್ತು 'ಇಶ್ಯೂಡ್ ಬೈ' ಎದುರಿನ ಹೆಸರು ಎರಡನ್ನೂ ಇಲ್ಲಿ ಹಾಕಿ. ಪರದೆಯ ಫೋಟೊ ಹಾಕುವುದಾದರೆ ಸರ್ವೆ ನಂಬರ್ ಮತ್ತು ಖಾತೆ ನಂಬರ್ ಮುಚ್ಚಿ ಹಾಕಿ.